ನನ್ನ ಚೀಲದಲ್ಲೂ ಎರಡು ಕಲ್ಲು!

ಕಬ್ಬಿನ ಹಂಗಾಮು ಬಂತೆಂದರೆ ಮುಧೋಳ ತಾಲ್ಲೂಕಿನ ನಮ್ಮೂರಲ್ಲಿ ಕಾಟಾದ ಮಾತೇ ಮಾತು. ತೂಕದ ಚೀಟಿಯನ್ನು ಅಪ್ಪ ಎರಡೆರಡು ಸಲ ನೋಡುತ್ತಿದ್ದರು. ರವದಿ ಹೆಸರಲ್ಲಿ ಕಡಿತವಾದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ. ತೂಕದಲ್ಲಿ ಮೋಸ ಮಾಡುವವರನ್ನು ನಾನೂ ಬಾಯಿತುಂಬ ಬೈಯುತ್ತಿದ್ದೆ.

ಬಿ.ಕಾಂ. ಮುಗಿಸಿ ಕೆಲಸ ಹುಡುಕಲು ಹೊರಟಾಗ ಎಲ್ಲರೂ ಕೇಳಿದ್ದು ಅನುಭವ. ಬನಹಟ್ಟಿಯ ಸೀರೆ ಅಂಗಡಿಯೊಂದರಲ್ಲಿ ರಜೆಯಲ್ಲಿ ಎರಡು ತಿಂಗಳು ಲೆಕ್ಕ ಬರೆದಿದ್ದೆ. ಮಾಲೀಕರನ್ನು ಕಾಡಿ ಬೇಡಿ, ‘ಎರಡು ವರ್ಷ’ ಎಂದು ಪತ್ರ ಬರೆಸಿಕೊಂಡೆ.

ಸಂದರ್ಶನದ ಹಿಂದಿನ ರಾತ್ರಿ ಜಮಖಂಡಿಯಲ್ಲಿ ಬೀಳಗಿಯ ಗೆಳೆಯನ ರೂಮಿನಲ್ಲಿದ್ದೆ. ಮಾತು ಮತ್ತೆ ಕಾಟಾಕ್ಕೆ ಬಂತು. ಅವನು ಬೈಬಲ್ ತೆರೆದ. ಜ್ಞಾನೋಕ್ತಿಗಳ 11ನೇ ಅಧ್ಯಾಯ ಶುರುವಾಗುವುದೇ ತಕ್ಕಡಿಯಿಂದ. ಸುಳ್ಳು ತೂಕವನ್ನು ದೇವರು ಸಹಿಸುವುದಿಲ್ಲವಂತೆ. ಧರ್ಮೋಪದೇಶಕಾಂಡದ 25ನೇ ಅಧ್ಯಾಯದಲ್ಲಿ, ಚೀಲದಲ್ಲಿ ದೊಡ್ಡದೊಂದು, ಸಣ್ಣದೊಂದು ತೂಕದ ಕಲ್ಲು ಇಟ್ಟುಕೊಳ್ಳಬಾರದೆಂಬ ಎಚ್ಚರಿಕೆಯಿದೆ. ನನ್ನ ಕೈ ತಾನಾಗಿ ಬ್ಯಾಗ್ ಮುಟ್ಟಿತು. ಅಪ್ಪನ ಕಬ್ಬಿಗೆ ಒಂದು ಕಲ್ಲು, ನನ್ನ ಅನುಭವಕ್ಕೆ ಇನ್ನೊಂದು!

ಲೂಕನ ಸುವಾರ್ತೆಯಲ್ಲಿ ತೆರಿಗೆ ವಸೂಲಿಯ ಜಕ್ಕಾಯ, ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಮರಳಿಸಲು ಒಪ್ಪುತ್ತಾನೆ. ನಾನು ಮರಳಿಸಬೇಕಿದ್ದದ್ದು ಬರೀ 22 ತಿಂಗಳು. ಪತ್ರ ಹರಿದೆ.

ಸಂದರ್ಶನದಲ್ಲಿ ‘ಎರಡೇ ತಿಂಗಳು ಸರ್’ ಎಂದೆ. ಕೆಲಸ ಸಿಗಲಿಲ್ಲ. ಬೇಸರವಾಯಿತು, ಸುಳ್ಳು ಹೇಳಲಾರೆ. ಈಗ ಅದೇ ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಅನುಭವ ತಿಂಗಳಿಗೆ ಒಂದೇ ತಿಂಗಳಂತೆ ಬೆಳೆಯುತ್ತಿದೆ.

ಗೆಳೆಯರೇ, ಬಯೋಡೇಟಾ ಕಳಿಸುವ ಮುನ್ನ ಒಮ್ಮೆ ನೀವೇ ಅದನ್ನು ಕಾಟಾಕ್ಕೆ ಹಾಕಿ ನೋಡಿ.