ಬೂದ ಬಾಕ್ಸ್ ಬಿಟ್ಟು ಎಲ್ಲೆಲ್ಲೋ ಉಚ್ಚೆ ಹೊಯ್ದಿದ್ದು ಯಾಕೆ?

ತುಮಕೂರು–ಬೆಂಗಳೂರು ಬೆಳಗಿನ ರೈಲಿನಲ್ಲಿ ಸಿಕ್ಕಿದ ಸೀಟನ್ನು ಯಾರೂ ಸುಮ್ಮನೆ ಬಿಟ್ಟುಕೊಡಲ್ಲ. ಆದರೆ ಕಳೆದ ಡಿಸೆಂಬರಿನ ಒಂದು ಸೋಮವಾರ, ನನ್ನ ಪಕ್ಕ ಕೂತಿದ್ದ ಹೆಂಗಸು ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು. ಯಾಕೆ ಅಂತ ನನಗೆ ಗೊತ್ತಾಗಿದ್ದು ಲ್ಯಾಪ್‌ಟಾಪ್ ಬ್ಯಾಗಿನ ಜಿಪ್ ತೆಗೆದಾಗ. ಚಾರ್ಜರ್ ಒದ್ದೆ, ನೋಟ್‌ಬುಕ್ ಒದ್ದೆ. ಬೆಕ್ಕು ಸಾಕಿದವರಿಗೆ ಆ ವಾಸನೆ ಏನು ಅಂತ ಹೇಳಬೇಕಾಗಿಲ್ಲ. ಅವತ್ತು ಆಫೀಸಲ್ಲಿ ಬ್ಯಾಗನ್ನು ಸ್ಟೋರ್ ರೂಮಿನಲ್ಲಿಟ್ಟು ಇಡೀ ದಿನ ಕಳೆದೆ.

ಅದು ಮೊದಲ ಸಲವೇನೂ ಅಲ್ಲ. ಆ ವಾರದಲ್ಲಿ ಅದು ನಾಲ್ಕನೇದು.

ಬೆಕ್ಕು ನಂದಲ್ಲ, ಅಜ್ಜೀದು. ಅಜ್ಜಿ ಇದ್ದಿದ್ದು ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಲ್ಲಿ. ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ನೋವು ಮಾಡಿಕೊಂಡ ಮೇಲೆ ಒಬ್ಬರೇ ಇರೋದು ಬೇಡ ಅಂತ ತುಮಕೂರಿನ ನಮ್ಮ ಬಾಡಿಗೆ ಮನೆಗೆ ಕರೆತಂದೆವು. ಅಜ್ಜಿ ಹಾಕಿದ್ದು ಒಂದೇ ಕಂಡೀಷನ್: "ಕೊತ್ತಿ ಬಿಟ್ಟು ನಾನು ಬರಾಕಿಲ್ಲ ಕಣವ್ವ." ನಮ್ಮ ಕಡೆ ಬೆಕ್ಕಿಗೆ ಕೊತ್ತಿ ಅಂತಾರೆ. ಬಚ್ಚಲೊಲೆಯ ಬೂದಿಯಲ್ಲಿ ಮಲಗಿ ಮಲಗಿ ಬೂದಿ ಬಣ್ಣವೇ ಬಂದಿದೆಯೇನೋ ಅನ್ನಿಸುತ್ತಿದ್ದ ಅದರ ಹೆಸರು ಬೂದ. ನಾಲ್ಕು ವರ್ಷದ ಗಂಡು. ರಟ್ಟಿನ ಡಬ್ಬದಲ್ಲಿ ಕೂತು, ದಾರಿಯುದ್ದಕ್ಕೂ ಕೂಗಿಕೊಂಡು ಮೊದಲ ಮಹಡಿಯ ಎರಡು ಬೆಡ್‌ರೂಮ್ ಮನೆಗೆ ಬಂತು.

ಬರುವ ಮುಂಚೆಯೇ ನಾನು ಎಲ್ಲಾ ತರಿಸಿಟ್ಟಿದ್ದೆ. ಮುಚ್ಚಳ ಇರುವ ಚೆಂದದ ಲಿಟರ್ ಬಾಕ್ಸ್, ಲ್ಯಾವೆಂಡರ್ ವಾಸನೆಯ ಲಿಟರ್, ಡ್ರೈ ಫುಡ್. ಬಾಕ್ಸನ್ನು ಕಣ್ಣಿಗೆ ಬೀಳದ ಹಾಗೆ ವಾಷಿಂಗ್ ಮಷೀನ್ ಪಕ್ಕ ಸೇರಿಸಿದ್ದೆ. ನನಗೆ ಇಷ್ಟವಾಗಿದ್ದು ಬೆಕ್ಕಿಗೂ ಇಷ್ಟವಾಗುತ್ತೆ ಅಂದುಕೊಂಡಿದ್ದು ನನ್ನ ಮೊದಲ ದಡ್ಡತನ.

ಬೂದ ಮೊದಮೊದಲು ಬಾಕ್ಸಿಗೆ ಹೋಗುತ್ತಿದ್ದ, ಆದರೆ ಕಾಟಾಚಾರಕ್ಕೆ. ಅಂಚಿನ ಮೇಲೆ ನಿಂತು, ಕೆದಕದೆ, ಮುಚ್ಚದೆ ಓಡಿ ಬರುತ್ತಿದ್ದ. ಮೂರನೇ ವಾರಕ್ಕೆ ಕಾಲೊರೆಸುವ ಚಾಪೆ, ಆಮೇಲೆ ದಿವಾನ್, ಆಮೇಲೆ ನಮ್ಮ ಹಾಸಿಗೆ. ನಾನು ಎಲ್ಲರೂ ಮಾಡುವ ತಪ್ಪುಗಳನ್ನೇ ಸಾಲಾಗಿ ಮಾಡಿದೆ. ಗದರಿದೆ. ಒದ್ದೆ ಜಾಗಕ್ಕೆ ಎಳೆದೊಯ್ದು ಮೂತಿ ತಗುಲಿಸಿದೆ. ನೆಲಕ್ಕೆಲ್ಲ ಫಿನಾಯಿಲ್ ಸುರಿದು ಒರೆಸಿದೆ. ಕೆಳಗಿನ ಮನೆಯ ಓನರ್ ಆಂಟಿ ಮೆಟ್ಟಿಲ ಬಳಿ ನಿಂತು, "ಏನಮ್ಮ ವಾಸನೆ, ನಮ್ಮ ಬಾಗಿಲ ತನಕ ಬರ್ತಿದೆ" ಅಂದರು. ಈ ತಿಂಗಳೊಳಗೆ ಸರಿ ಹೋಗದಿದ್ದರೆ ಬೇರೆ ಮನೆ ನೋಡಿಕೊಳ್ಳಿ ಅನ್ನೋದು ಅದರ ಅರ್ಥ.

ನಮ್ಮ ಚಿಕ್ಕಮ್ಮ ಫೋನಿನಲ್ಲಿ ಸಲೀಸಾಗಿ ಪರಿಹಾರ ಕೊಟ್ಟರು. "ಗೋಣಿಚೀಲಕ್ಕೆ ಹಾಕ್ಕಂಡು ಕೆರೆ ಏರಿ ಆಚೆ ಬಿಟ್ಟು ಬರ್ರಿ. ದಾರಿ ಕಾಣಬಾರದು ನೋಡು." ಊರಲ್ಲಿ ಇದು ಹೊಸದಲ್ಲ. ನನ್ನ ಗಂಡ ಕೂಡ, "ಇನ್ನೊಂದು ವಾರ ನೋಡೋಣ, ಆಮೇಲೆ ಊರಿಗೆ ಬಿಟ್ಟುಬಿಡ್ತೀನಿ" ಅಂದ. ಊರಿನ ಮನೆಗೆ ಬೀಗ ಬಿದ್ದಿತ್ತು. ಅಲ್ಲಿ ಬಿಡೋದಕ್ಕೂ ಕೆರೆ ಏರಿ ಆಚೆ ಬಿಡೋದಕ್ಕೂ ಏನು ವ್ಯತ್ಯಾಸ? ಅಜ್ಜಿ ಇದನ್ನೆಲ್ಲ ಕೇಳಿಸಿಕೊಂಡೂ ಕೇಳದವರ ಹಾಗೆ ಕೂತಿದ್ದರು. ಅವತ್ತು ಊಟ ಮಾತ್ರ ಅರ್ಧಕ್ಕೆ ಬಿಟ್ಟೆದ್ದರು.

"ಸೇಡು ತೀರಿಸ್ಕೊಳ್ತಾ ಇದಾನೆ" ಅಂತಲೇ ನಾನು ನಂಬಿದ್ದೆ. ಊರು ಬಿಡಿಸಿದ್ದಕ್ಕೆ ಸಿಟ್ಟು, ಅದಕ್ಕೇ ಹುಡುಕಿ ಹುಡುಕಿ ನನ್ನ ಬ್ಯಾಗು!

ಆ ನಂಬಿಕೆ ಮುರಿದಿದ್ದು ಮುಂದಿನ ಗುರುವಾರ ರಾತ್ರಿ. ಎರಡು ಗಂಟೆಗೆ ಅಜ್ಜಿ ಬಂದು ಎಬ್ಬಿಸಿದರು. "ಕೊತ್ತಿ ತಿಣುಕ್ತಾ ಐತೆ ಕಣೇ. ಉಷ್ಣ ಆಗೈತೆ." ಬೂದ ಅಜ್ಜಿಯ ಹಳೇ ಸೀರೆ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ. ಎದ್ದು ಎರಡು ಹೆಜ್ಜೆ ಹೋಗಿ ಮತ್ತೆ ಕೂರುತ್ತಿದ್ದ. ಬಂದಿದ್ದು ಮೂರು ಹನಿ, ಅದೂ ನಸುಗೆಂಪು. ನಾನು ಮಲಬದ್ಧತೆ ಅಂದುಕೊಂಡೆ. ಹೊಟ್ಟೆ ಮುಟ್ಟಲು ಹೋದರೆ ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ. ಬೆಳಿಗ್ಗೆ ತನಕ ಅಜ್ಜಿ ಅವನ ಪಕ್ಕದಲ್ಲೇ ಗೋಡೆಗೊರಗಿ ಕೂತಿದ್ದರು, ಸೊಂಟ ನೋವನ್ನೂ ಮರೆತು.

ವೆಟ್ ಕೈಯಿಟ್ಟು ನೋಡಿದ ತಕ್ಷಣ ಹೇಳಿದರು: ಮೂತ್ರಚೀಲ ಕಲ್ಲಿನ ಹಾಗೆ ಗಟ್ಟಿಯಾಗಿದೆ, ದಾರಿ ಕಟ್ಟಿಕೊಂಡಿದೆ. ಗಂಡು ಬೆಕ್ಕಿನ ಮೂತ್ರನಾಳ ಹೆಣ್ಣಿನದ್ದಕ್ಕಿಂತ ಉದ್ದ, ತುದಿಯಲ್ಲಿ ತೀರಾ ಕಿರಿದು. ಮರಳಿನಂಥ ಹರಳುಗಳು ಲೋಳೆಯ ಜೊತೆ ಸೇರಿ ಅಲ್ಲಿ ಬಿರಡೆ ಹಾಕಿದ ಹಾಗೆ ಕೂರುತ್ತವೆ. ಹೊರಗೆ ಹೋಗಬೇಕಾದ ವಿಷವೆಲ್ಲ ರಕ್ತಕ್ಕೆ ಮರಳುತ್ತೆ, ಪೊಟ್ಯಾಸಿಯಂ ಏರುತ್ತೆ, ಹೃದಯದ ಬಡಿತ ತಪ್ಪುತ್ತೆ. ಒಂದೆರಡು ದಿನ ಕಾದರೆ ಬೆಕ್ಕು ಉಳಿಯಲ್ಲ. ಅರಿವಳಿಕೆ ಕೊಟ್ಟು ನಳಿಕೆ ಹಾಕಿ ಬಿಡಿಸಿದರು. ಮೂರು ದಿನ ಡ್ರಿಪ್. ಖರ್ಚು ಸುಮಾರು 11,000 ರೂಪಾಯಿ.

"ಎಷ್ಟು ದಿನದಿಂದ ಬಾಕ್ಸಿನ ಹೊರಗೆ ಮಾಡ್ತಿತ್ತು?" ಡಾಕ್ಟ್ರು ಕೇಳಿದರು. ಎರಡು ವಾರ ಅಂದೆ. "ಅವತ್ತೇ ತರಬೇಕಿತ್ತಮ್ಮ" ಅಂದರು, ಅಷ್ಟೇ. ನಾನು ಮೂತಿ ತಗುಲಿಸಿ ಗದರಿದ್ದು ನೋವಿನಲ್ಲಿದ್ದ ಪ್ರಾಣಿಯನ್ನ.

ಅದಕ್ಕೇ ಇದನ್ನು ಎಲ್ಲಕ್ಕಿಂತ ಮೊದಲು ಹೇಳ್ತೀನಿ. ಸರಿಯಾಗಿ ಬಾಕ್ಸ್ ಬಳಸುತ್ತಿದ್ದ ಬೆಕ್ಕು ಇದ್ದಕ್ಕಿದ್ದಂತೆ ಹೊರಗೆ ಮಾಡತೊಡಗಿದರೆ ಮೊದಲ ಕೆಲಸ ಮೂತ್ರ ಪರೀಕ್ಷೆ. ಬಾಕ್ಸ್ ಬದಲಾಯಿಸೋದು ಆಮೇಲೆ. ವಯಸ್ಸಾದ ಬೆಕ್ಕಾದರೆ ಕಿಡ್ನಿ, ಶುಗರ್ ಕೂಡ ನೋಡಿಸಬೇಕು. ಗಂಡು ಬೆಕ್ಕು ಪದೇ ಪದೇ ಕೂತು ಹನಿಯೂ ಬರುತ್ತಿಲ್ಲ ಅಂದರೆ ಗೂಗಲ್ ಮಾಡುತ್ತಾ ಕೂರಬೇಡಿ, ನಡುರಾತ್ರಿಯಾದರೂ ಸರಿ, ವೆಟ್‌ಗೆ ಫೋನ್ ಮಾಡಿ.

ಅಜ್ಜಿಯ "ಉಷ್ಣ"ದ ಬಗ್ಗೆ ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಅವರು ಜೀರಿಗೆ ನೀರು ಕುಡಿಸಲು ನೋಡಿ ಕೈ ಪರಚಿಸಿಕೊಂಡಿದ್ದೂ ಆಯಿತು. ಆದರೆ ಅರ್ಧ ಮಾತು ಸರಿಯಾಗೇ ಇತ್ತು: ನೀರು ಸಾಲದು. ಸಾಕುಬೆಕ್ಕಿನ ಪೂರ್ವಜರು ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನಾಡಿನ ಕಾಡುಬೆಕ್ಕುಗಳು. ಬಾಯಾರಿಕೆ ಕಡಿಮೆ, ಬೇಟೆಯಲ್ಲೇ ನೀರು ಸಿಗುತ್ತಿತ್ತು. ಒಂದು ಇಲಿಯ ತೂಕದಲ್ಲಿ ಶೇ 70ರಷ್ಟು ನೀರೇ. ಡ್ರೈ ಫುಡ್‌ನಲ್ಲಿ ಶೇ 10ರ ಆಸುಪಾಸು. ಹಾಗಲವಾಡಿಯಲ್ಲಿ ಇಲಿ ಹಿಡಿದು ತಿಂದುಕೊಂಡಿದ್ದವನಿಗೆ ನಾನು ಬಟ್ಟಲ ತುಂಬ ಒಣ ಕಾಳು ಹಾಕಿ, ಪಕ್ಕದಲ್ಲಿ ಒಂದು ಲೋಟ ನೀರಿಟ್ಟು ಸುಮ್ಮನಾಗಿದ್ದೆ. ಈಗ ಡಾಕ್ಟ್ರು ಹೇಳಿದ ವೆಟ್ ಫುಡ್ ಕೊಡ್ತೀವಿ. ಜೊತೆಗೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಕೋಳಿಯ ನೀರು. ಈರುಳ್ಳಿ, ಬೆಳ್ಳುಳ್ಳಿ ಎರಡೂ ಬೆಕ್ಕಿಗೆ ವಿಷ. ನೀರಿನ ಬಟ್ಟಲು ಮನೆಯಲ್ಲಿ ಮೂರು ಕಡೆ ಇದೆ, ಊಟದ ತಟ್ಟೆಯಿಂದ ದೂರ.

ಇನ್ನೊಂದು ಕಾರಣ ಕೇಳಿ ನನಗೆ ಆಶ್ಚರ್ಯವಾಯಿತು. ಚಿಕ್ಕ ಮತ್ತು ನಡುವಯಸ್ಸಿನ ಬೆಕ್ಕುಗಳಲ್ಲಿ ಈ ಮೂತ್ರದ ತೊಂದರೆಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಸೋಂಕೂ ಕಾಣಲ್ಲ, ಕಲ್ಲೂ ಕಾಣಲ್ಲ. ಮೂತ್ರಚೀಲ ಸುಮ್ಮನೆ ಉರಿಯುತ್ತೆ, ಅದಕ್ಕೂ ಒತ್ತಡಕ್ಕೂ ನಂಟಿದೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ಟೋನಿ ಬಫಿಂಗ್ಟನ್ ವರ್ಷಗಟ್ಟಲೆ ಕೆಲಸ ಮಾಡಿದ್ದು ಇದರ ಮೇಲೆಯೇ. ಬೆಕ್ಕು ಇರುವ ಮನೆಯ ವಾತಾವರಣ ಸರಿಪಡಿಸಿದರೆ ಕಾಯಿಲೆ ಮರುಕಳಿಸೋದು ಕಡಿಮೆಯಾಗುತ್ತೆ ಅಂತ ಅವರು ತೋರಿಸಿದರು. ಅಡಗಲು ಜಾಗ, ಹತ್ತಿ ಕೂರಲು ಎತ್ತರ, ದಿನಾ ಒಂದೇ ಹೊತ್ತಿಗೆ ಊಟ. ಊರು ಬಿಟ್ಟು ಬಂದ ಸಂಕಟ ಬೂದನಿಗೆ ಇದ್ದಿದ್ದು ನಿಜ. ನಾನದನ್ನು ಸಿಟ್ಟು ಅಂತ ಓದಿಕೊಂಡಿದ್ದೆ.

ಔಷಧಿ ಮುಗಿಸಿ ಮನೆಗೆ ಬಂದ ಮೇಲೂ ಅವನು ಬಾಕ್ಸಿನ ಕಡೆ ತಲೆ ಹಾಕಲಿಲ್ಲ. ಅಲ್ಲಿ ಕೂತಾಗಲೆಲ್ಲ ನೋವಾಗಿದೆ, ಹಾಗಾಗಿ ಬಾಕ್ಸೇ ನೋವು ಅಂತ ಅವನ ಲೆಕ್ಕ. ಅಲ್ಲದೆ ಅವನು ಹುಟ್ಟಿದಾಗಿನಿಂದ ಕೆದಕಿದ್ದು ಹಿತ್ತಲ ಮಣ್ಣು, ತಿಪ್ಪೆ ಪಕ್ಕದ ಬೂದಿ ಗುಡ್ಡೆ. "ಅದು ಮಣ್ಣು ಕೇಳ್ತೈತೆ" ಅಂತ ಅಜ್ಜಿ ಮೊದಲ ವಾರವೇ ಅಂದಿದ್ದರು. ಟೈಲ್ಸ್ ನೆಲದ ಮನೆಗೆ ಮಣ್ಣು ತರೋದಾ ಅಂತ ನಾನೇ ಸುಮ್ಮನಿರಿಸಿದ್ದೆ.

ತಮಾಷೆ ಅಂದರೆ ಲಿಟರ್ ಅನ್ನೋ ವಸ್ತು ಹುಟ್ಟಿದ್ದೂ ಬೂದಿಯಿಂದಲೇ. 1947ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಎಡ್ವರ್ಡ್ ಲೋ ಅನ್ನುವವರ ಬಳಿ ನೆರೆಯಾಕೆಯೊಬ್ಬರು ಬೆಕ್ಕಿಗೆ ಮರಳು ಕೇಳಲು ಬಂದರಂತೆ. ಅವರು ಬೂದಿ ಬಳಸುತ್ತಿದ್ದರು, ಮನೆಯೆಲ್ಲ ಕಪ್ಪು ಹೆಜ್ಜೆ ಗುರುತು. ಲೋ, ಎಣ್ಣೆ ಹೀರಲು ಕಾರ್ಖಾನೆಗಳಿಗೆ ಮಾರುತ್ತಿದ್ದ ಒಣ ಜೇಡಿಯ ಹರಳು ಕೊಟ್ಟು ಕಳಿಸಿದರು. ಮುಂದೆ ಅದೇ 'ಕಿಟ್ಟಿ ಲಿಟರ್' ಅಂತ ದೊಡ್ಡ ವ್ಯಾಪಾರವಾಯಿತು. ಈಗ ನಾವು ಕೊಳ್ಳುವ, ಒದ್ದೆಯಾದರೆ ಉಂಡೆ ಕಟ್ಟುವ ಲಿಟರ್ ಬೆಂಟೊನೈಟ್ ಜೇಡಿ. ನಮ್ಮ ದೇಶದಲ್ಲಿ ಅದು ಹೇರಳವಾಗಿ ಸಿಗೋದು ಗುಜರಾತಿನ ಕಛ್‌ನಲ್ಲಿ. ಅಂದರೆ ಅದೂ ಮಣ್ಣೇ. ಬೂದನಿಗೆ ತಡೆಯಲಾಗದೆ ಇದ್ದಿದ್ದು ಲ್ಯಾವೆಂಡರ್ ಮತ್ತು ಮುಚ್ಚಳ. ನಮಗಿಂತ ಎಷ್ಟೋ ಪಟ್ಟು ಚುರುಕಾದ ಮೂಗಿಗೆ ಮುಚ್ಚಿದ ಡಬ್ಬದೊಳಗಿನ ಸೆಂಟು ಹೇಗಿರಬೇಡ.

ಮುಂದಿನ ಭಾನುವಾರ ನನ್ನ ಗಂಡ ಹಾಗಲವಾಡಿಗೆ ಹೋದ. ಗೋಣಿಚೀಲ ಹಿಡಿದುಕೊಂಡೇ ಹೋದ, ಆದರೆ ಖಾಲಿ ಚೀಲ. ಸಂಜೆ ಎರಡು ಚೀಲ ಕೆಂಪು ಮಣ್ಣು ಇಳಿಸಿದ. ಅಜ್ಜಿ ಟೆರೇಸಿನಲ್ಲಿ ಹರವಿ, ಎರಡು ದಿನ ಬಿಸಿಲಿಗೆ ಒಣಗಿಸಿ, ಜರಡಿ ಹಿಡಿದರು. ಬೂದಿ ಬೇಡ ಅಂದೆ, ಅದರ ಕ್ಷಾರ ಪಾದಕ್ಕೆ ಒಳ್ಳೇದಲ್ಲ. ದೊಡ್ಡ ಪ್ಲಾಸ್ಟಿಕ್ ಟಬ್ ತಂದೆವು: ಮುಚ್ಚಳವಿಲ್ಲ, ಬೆಕ್ಕಿನ ಉದ್ದದ ಒಂದೂವರೆ ಪಟ್ಟು, ಒಂದು ಕಡೆ ಅಂಚು ಕತ್ತರಿಸಿದ್ದು. ಒಂದಲ್ಲ, ಎರಡು. ಎಷ್ಟು ಬೆಕ್ಕಿದೆಯೋ ಅದಕ್ಕಿಂತ ಒಂದು ಹೆಚ್ಚು ಬಾಕ್ಸ್ ಇರಬೇಕು ಅನ್ನೋದು ವೆಟ್‌ಗಳು ಹೇಳುವ ಲೆಕ್ಕ. ಒಂದು ಹಾಲಿನ ಮೂಲೆಯಲ್ಲಿ, ಇನ್ನೊಂದು ಅಜ್ಜಿಯ ರೂಮಿನಲ್ಲಿ. ವಾಷಿಂಗ್ ಮಷೀನ್ ಸ್ಪಿನ್ ಆಗುವಾಗ ಪಕ್ಕದಲ್ಲಿ ಕೂರಲು ಯಾರಿಗೆ ಧೈರ್ಯ ಬರುತ್ತೆ?

ಮೊದಲ ವಾರ ಬರೀ ಮಣ್ಣು. ಬೂದ ಮೂಸಿದ, ಕಾಲಿಟ್ಟ, ಕೆದಕಿದ. ಹತ್ತು ನಿಮಿಷ ಕೆದಕುತ್ತಲೇ ಇದ್ದ, ಹಾಲೆಲ್ಲ ಕೆಂಪು. ನನಗೆ ಅಳು ಬಂತು, ಗುಡಿಸಬೇಕಲ್ಲ ಅಂತ ಅಲ್ಲ. ಎರಡನೇ ವಾರದಿಂದ ಮಣ್ಣಿಗೆ ಸೆಂಟಿಲ್ಲದ ಲಿಟರ್ ಬೆರೆಸುತ್ತಾ, ಮಣ್ಣು ಕಡಿಮೆ ಮಾಡುತ್ತಾ ಬಂದೆವು. ಐದನೇ ವಾರಕ್ಕೆ ಪೂರ್ತಿ ಲಿಟರ್, ಮೇಲೊಂದು ಹಿಡಿ ಮಣ್ಣು. ಆ ಒಂದು ಹಿಡಿ ಇವತ್ತಿಗೂ ಹಾಕ್ತೀವಿ. ದಿನಕ್ಕೆ ಎರಡು ಸಲ ಸೋಸಿ ತೆಗೀತೀವಿ. ಬಸುರಿಯರು ಆ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಬೆಕ್ಕಿನ ಮಲದಿಂದ ಟಾಕ್ಸೊಪ್ಲಾಸ್ಮಾ ತಗುಲುವ ಭಯ ಇರುತ್ತೆ, ಹಿತ್ತಲ ಮಣ್ಣಿನಿಂದಲೂ.

ಇನ್ನು ವಾಸನೆ. ಹಳೇ ವಾಸನೆ ಉಳಿದರೆ ಬೆಕ್ಕು ಅಲ್ಲಿಗೇ ವಾಪಸ್ ಬರುತ್ತೆ. ನಮ್ಮ ಮೂಗಿಗೆ ಹೋಗಿದೆ ಅನ್ನಿಸಿದರೂ ಅದರ ಮೂಗಿಗೆ ಹೋಗಿರಲ್ಲ. ಎನ್‌ಜೈಮ್ ಇರುವ ಕ್ಲೀನರ್ ಪೆಟ್ ಶಾಪಿನಲ್ಲೂ ಆನ್‌ಲೈನಲ್ಲೂ ಸಿಗುತ್ತೆ; ಜಾಗ ಪೂರ್ತಿ ನೆನೆಯುವ ಹಾಗೆ ಹಾಕಿ, ತಾನೇ ಒಣಗಲು ಬಿಡಬೇಕು. ಹಾಸಿಗೆಗೆ ಅದರ ಜೊತೆ ಟೆರೇಸಿನ ಬಿಸಿಲು. ಫಿನಾಯಿಲ್ ಮಾತ್ರ ಬೇಡವೇ ಬೇಡ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ತೀರಾ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು, ಪಾದ ನೆಕ್ಕಿದರೆ ಹೊಟ್ಟೆಗೇ ಹೋಗುತ್ತೆ. ಇದೇ ಕಾರಣಕ್ಕೆ ಪ್ಯಾರಸಿಟಮಾಲ್ ಕೂಡ ಬೆಕ್ಕಿಗೆ ವಿಷ, ಒಂದು ಮಾತ್ರೆ ಸಾಕು ಪ್ರಾಣ ತೆಗೆಯಲು. ಜ್ವರ ಬಂದಿದೆ ಅಂತ ಯಾರಾದರೂ ಅರ್ಧ ಮಾತ್ರೆ ಕೊಡಲು ಹೇಳಿದರೆ ಖಂಡಿತ ಕೇಳಬೇಡಿ.

ಗೋಡೆಗೆ ಬೆನ್ನು ಮಾಡಿ, ನಿಂತುಕೊಂಡೇ, ಬಾಲ ನಡುಗಿಸುತ್ತಾ ಪಿಚಕಾರಿ ಹೊಡೆದರೆ ಅದು ಬೇರೆ ಕಥೆ. ಅದು 'ಇದು ನನ್ನ ಜಾಗ' ಅನ್ನೋ ಗುರುತು. ಬೀಜ ತೆಗೆಸಿದರೆ ಹತ್ತರಲ್ಲಿ ಒಂಬತ್ತು ಗಂಡು ಬೆಕ್ಕುಗಳು ಅದನ್ನು ಬಿಡ್ತವೆ ಅಥವಾ ತುಂಬಾ ಕಡಿಮೆ ಮಾಡ್ತವೆ. ಬೂದನಿಗೂ ಫೆಬ್ರವರಿಯಲ್ಲಿ ಮಾಡಿಸಿದೆವು. ಅಜ್ಜಿಗೆ ಅದು ಸ್ವಲ್ಪವೂ ಇಷ್ಟವಿರಲಿಲ್ಲ, ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ಓನರ್ ಆಂಟಿ ಮತ್ತೆ ಆ ವಿಷಯ ಎತ್ತಿಲ್ಲ. ಹಾಲಿನಲ್ಲೇ ಟಬ್ ಇದೆಯಲ್ಲ ಅಂತ ಬಂದ ನೆಂಟರು ಮೂಗು ಮುರಿಯೋದಂತೂ ಇದೆ. ಒಮ್ಮೆ ಮನೆ ತುಂಬ ಜನ ಸೇರಿದ್ದಾಗ ಬೂದ ಚಾಪೆ ಒದ್ದೆ ಮಾಡಿದ. ಈ ಸಲ ಗದರಲಿಲ್ಲ, ಮಾರನೇ ದಿನವೇ ಮೂತ್ರ ಪರೀಕ್ಷೆ ಮಾಡಿಸಿದೆ. ಏನೂ ಇರಲಿಲ್ಲ.

ಈಗ ಬೆಳಿಗ್ಗೆ ನಾನು ಸೋಸುವ ಚಮಚ ಹಿಡಿದರೆ ಅಜ್ಜಿ ಅಡುಗೆಮನೆಯಿಂದಲೇ ಕೇಳ್ತಾರೆ, "ಎಷ್ಟು ಉಂಡೆ?" ದಿನಕ್ಕೆ ಎರಡರಿಂದ ನಾಲ್ಕು ಇದ್ದರೆ ಚೆನ್ನಾಗಿದಾನೆ ಅಂತ ಡಾಕ್ಟ್ರು ಹೇಳಿದ್ದನ್ನು ಅವರು ಮರೆತಿಲ್ಲ. ಇವತ್ತು ಮೂರು ಅಂದೆ. "ಸರಿ ಬಿಡು" ಅಂತ ಮುದ್ದೆ ತೊಳಸೋಕೆ ಹೋದರು.