ಪಣವೂ ಪರವಾನಿಗೆಯೂ

ಜೂಜು ಕೆಟ್ಟದ್ದೆಂದು ತಿಳಿಯುವುದಕ್ಕೆ ಭಾರತ ಕೇಳಿ ಬೆಳೆದ ನಮ್ಮ ಜನಕ್ಕೆ ಯಾರ ಉಪದೇಶವೂ ಬೇಕಿಲ್ಲ. ಆದರೆ ದ್ಯೂತದ ಪ್ರಸಂಗವನ್ನು ಓದುವಾಗಲೆಲ್ಲ ನನಗೊಂದು ವಕೀಲಿ ಸಂದೇಹ ಬರುವುದುಂಟು. ಧರ್ಮರಾಯನು ಆಡಿದ್ದು ತಪ್ಪೋ, ಆಡಿದ ಸ್ಥಳ ತಪ್ಪೋ? ಮನೆ ಎದುರಾಳಿಯದು, ದಾಳ ಎದುರಾಳಿಯದು, ಪಣವೊಡ್ಡಿದವನು ಒಬ್ಬ, ಆಡಿದ ಕೈ ಇನ್ನೊಬ್ಬನದು, ತಕರಾರು ಬಂದರೆ ತೀರ್ಪು ಹೇಳಬೇಕಾದವನು ಎದುರಾಳಿಯ ತಂದೆ! ಇಷ್ಟನ್ನೂ ನೋಡಿ ಕುಳಿತವನು ಗೆಲ್ಲುವ ಬಗೆ ಎಂತು?

ಕೌಟಿಲ್ಯನಿಗೂ ಇಂಥದೇ ಸಂದೇಹ ಬಂದಿದ್ದಿರಬೇಕು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಮೂರನೆಯ ಅಧಿಕರಣದ ಕೊನೆಯಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯೊಬ್ಬನು ಬರುತ್ತಾನೆ. ಜೂಜು ಗೊತ್ತುಮಾಡಿದ ಒಂದೇ ಸ್ಥಳದಲ್ಲಿ ನಡೆಯಬೇಕು. ಬೇರೆಡೆ ಆಡಿದವನಿಗೆ ಹನ್ನೆರಡು ಪಣ ದಂಡ. ದಾಳಗಳನ್ನು ಅಧ್ಯಕ್ಷನೇ ಒದಗಿಸಬೇಕು. ಅವನ್ನು ಬದಲಾಯಿಸಿದವನಿಗೂ ಹನ್ನೆರಡು ಪಣ. ಗೆದ್ದ ಹಣದಲ್ಲಿ ನೂರಕ್ಕೆ ಐದು ಅವನ ಪಾಲು. ಪ್ರಾಣಿಗಳ ಮೇಲೆ ಪಣ ಕಟ್ಟುವ ಸಮಾಹ್ವಯಕ್ಕೂ ಇದೇ ಕಟ್ಟಳೆ. ಗುಟ್ಟಾಗಿ ಬದುಕುವ ಖದೀಮರು ಒಂದೆಡೆ ಕಣ್ಣಿಗೆ ಬೀಳಲಿ ಎಂಬುದು ಚಾಣಕ್ಯನ ಲೆಕ್ಕ. ಪುಣ್ಯದ ಮಾತು ಅಲ್ಲಿಲ್ಲ. ಮನುವಿನ ದಾರಿಯೇ ಬೇರೆ. ದ್ಯೂತ, ಸಮಾಹ್ವಯ ಎರಡನ್ನೂ ಅರಸನು ರಾಜ್ಯದಿಂದ ಹೊರಗಿಡಬೇಕೆಂದು ಅವನು ವಿಧಿಸಿದನು.

ಇಂದಿನ ಲೋಕವೂ ಈ ಇಬ್ಬರ ನಡುವೆ ಹಂಚಿಹೋಗಿದೆ. ಲಂಡನ್ನಿನಲ್ಲಿರುವ ನನ್ನ ಸೋದರಳಿಯನು ಈಚೆಗೆ ದೂರವಾಣಿಯಲ್ಲಿ ಕೇಳಿದನು: “ಮಾವ, ಇಲ್ಲಿ ಕ್ರಿಕೆಟ್ ಪಂದ್ಯಕ್ಕೆ ಹತ್ತು ಪೌಂಡು ಕಟ್ಟಲು ಕಾನೂನಿನ ಅಡ್ಡಿಯಿಲ್ಲ. ಯಾವ ತಾಣವನ್ನು ನಂಬಬಹುದು?” ಕಟ್ಟಬೇಡವೆಂದು ಒಂದು ಮಾತಿನಲ್ಲಿ ಮುಗಿಸಬಹುದಾಗಿತ್ತು. ಮೂವತ್ತು ದಾಟಿದವನಿಗೆ ಅಂಥ ಮಾತು ಹಿಡಿಸುವುದಿಲ್ಲ. ಆದಕಾರಣ ಕೌಟಿಲ್ಯನ ಪ್ರಶ್ನೆಗಳನ್ನೇ ಅವನ ಮುಂದಿಟ್ಟೆ: ದಾಳ ಯಾರದು, ಅಧ್ಯಕ್ಷನು ಯಾರು?

ಬ್ರಿಟನ್ನಿನಲ್ಲಿ 2005ರ ಜೂಜು ಕಾನೂನಿನಂತೆ ಒಂದು ಆಯೋಗವಿದೆ. ಪರವಾನಿಗೆ ಪಡೆದವರ ಪಟ್ಟಿಯನ್ನು ಅದು ಸಾರ್ವಜನಿಕವಾಗಿ ಇಟ್ಟಿರುತ್ತದೆ. ತಾಣದ ಅಡಿಯಲ್ಲಿ ಅಚ್ಚಾದ ಮುದ್ರೆಯನ್ನು ನಂಬಿದರೆ ಸಾಲದು, ಮುದ್ರೆಯನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಅಲ್ಲಿಯ ಸಂಖ್ಯೆಯನ್ನು ಆಯೋಗದ ಪಟ್ಟಿಯಲ್ಲಿಯೇ ಹುಡುಕಿ ನೋಡಬೇಕು. ತಾಣವು ದಿವಾಳಿಯೆದ್ದರೆ ಗಿರಾಕಿಯ ಠೇವಣಿಯ ಗತಿ ಏನು? ಅದನ್ನೂ ಪರವಾನಿಗೆದಾರನು ಮೊದಲೇ ತಿಳಿಸಬೇಕು. ರಕ್ಷಣೆಯೇ ಇಲ್ಲವೆಂದು ನಿರ್ಭಿಡೆಯಿಂದ ಬರೆದುಕೊಂಡವರೂ ಇರುತ್ತಾರೆ, ಓದುವವರು ಕಡಮೆ. 2020ರ ಏಪ್ರಿಲಿನಿಂದ ಅಲ್ಲಿ ಕ್ರೆಡಿಟ್ ಕಾರ್ಡಿನಿಂದ ಪಣ ಕಟ್ಟುವಂತಿಲ್ಲ. ಸಾಲದ ಹಣದಲ್ಲಿ ಆಡಬಾರದೆಂಬ ನಮ್ಮ ಅಜ್ಜಿಯರ ಮಾತು ಕಾನೂನಾಗಲು ಇಷ್ಟು ಕಾಲ ಹಿಡಿಯಿತು. ಗ್ಯಾಮ್‌ಸ್ಟಾಪ್ ಎಂಬ ಏರ್ಪಾಡೂ ಉಂಟು. ಅದರಲ್ಲಿ ಹೆಸರು ಬರೆಸಿದವನಿಗೆ ಪರವಾನಿಗೆಯುಳ್ಳ ಎಲ್ಲ ಆನ್‌ಲೈನ್ ತಾಣಗಳೂ ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ ಬಾಗಿಲು ಮುಚ್ಚಬೇಕು. ನಡುವೆ ಮನಸ್ಸು ಬದಲಾದರೂ ತೆರೆಯುವಂತಿಲ್ಲ. ತನ್ನ ಮೇಲೆ ತನಗೇ ನಂಬಿಕೆಯಿಲ್ಲದ ಗಳಿಗೆಯನ್ನು ಮುಂದಾಗಿ ಊಹಿಸಿದ ಈ ಏರ್ಪಾಡು ನನಗೆ ಬಹಳ ಮೆಚ್ಚುಗೆಯಾಯಿತು.

ಇಷ್ಟಾದ ಮೇಲೂ ಗಣಿತವೊಂದು ಉಳಿಯುತ್ತದೆ. ಸಮಬಲದ ಎರಡು ತಂಡಗಳಿಗೆ ತಾಣವು ತಲಾ 1.90ರ ದರ ಕೊಟ್ಟಿತೆನ್ನಿ. ಒಂದೊಂದು ತಂಡದ ಮೇಲೆ ನೂರು ನೂರು ಕಟ್ಟಿದರೆ ಇನ್ನೂರು ಹೋಗುತ್ತದೆ. ಯಾರೇ ಗೆಲ್ಲಲಿ, ಹಿಂದೆ ಬರುವುದು ನೂರ ತೊಂಬತ್ತು. ನೂರಕ್ಕೆ ಐದು ಅಂಗಡಿಗೆ ಸಂದಿತು. ದ್ಯೂತಾಧ್ಯಕ್ಷನ ಪ್ರಮಾಣವೂ ಐದೇ ಎಂಬುದನ್ನು ಕಂಡು ನನಗೆ ನಗು ಬಂತು. ಆದರೆ ಅವನು ತೆಗೆದುಕೊಂಡದ್ದು ಗೆದ್ದ ಹಣದಲ್ಲಿ ಮಾತ್ರ. ಇವರು ಕಟ್ಟಿದ ಮೊತ್ತವೆಲ್ಲದರಲ್ಲಿಯೂ ತೆಗೆಯುತ್ತಾರೆ. ಹೀಗಿರುವಲ್ಲಿ ಸೋದರಳಿಯನಿಗೆ ಹೇಳಿದ್ದಿಷ್ಟು: ಆ ಹತ್ತು ಪೌಂಡು ನಾಟಕದ ಟಿಕೇಟಿನ ಹಣವೆಂದು ತಿಳಿ, ತಿಂಗಳ ಮಿತಿಯನ್ನು ತಾಣದಲ್ಲಿಯೇ ನಮೂದಿಸು, ಸೋತ ದಿನ ಮತ್ತೆ ಕಟ್ಟಬೇಡ. ಕಳೆದುಕೊಂಡಲ್ಲೇ ಹುಡುಕು ಎಂಬ ಗಾದೆ ಉಂಗುರಕ್ಕೆ ಒಪ್ಪೀತು, ಜೂಜಿಗೆ ಒಪ್ಪದು.

ನಮ್ಮಲ್ಲಿ ಸ್ಥಿತಿ ಬೇರೆ. ಕುದುರೆಯ ಜೂಜಿಗೆ 1952ರ ಮೈಸೂರು ರೇಸ್‌ಕೋರ್ಸ್ ಲೈಸೆನ್ಸಿಂಗ್ ಕಾಯಿದೆಯುಂಟು. ಕುದುರೆಯ ಓಟ ಜಾಣ್ಮೆಯ ಆಟವೆಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಮಾನಿಸಿತು. ಮೈದಾನದ ಟೋಟಿನಲ್ಲಿ ಕಟ್ಟಿದ ಹಣವೆಲ್ಲ ಒಂದೆಡೆ ಕೂಡಿ, ಕಮಿಷನ್ನೂ ತೆರಿಗೆಯೂ ಕಳೆದು, ಉಳಿದದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಕ್ರಿಕೆಟ್ಟಿನ ಮಾತು ಹಾಗಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅದೃಷ್ಟದ್ದಾಗಲಿ ಜಾಣ್ಮೆಯದಾಗಲಿ, ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಎಲ್ಲಿಯದೋ ಕುರಸಾವ್ ದ್ವೀಪದ ಪರವಾನಿಗೆಯನ್ನು ತೋರಿಸುವ ತಾಣಕ್ಕೆ ಅದರಿಂದ ಇಲ್ಲಿ ಯಾವ ಅಧಿಕಾರವೂ ಬರದು. 1872ರ ಕರಾರು ಕಾಯಿದೆಯ ಮೂವತ್ತನೆಯ ಕಲಮಿನಂತೆ, ಪಣದಲ್ಲಿ ಗೆದ್ದ ಹಣಕ್ಕಾಗಿ ದಾವೆಯನ್ನೂ ಹೂಡುವಂತಿಲ್ಲ.

ಮನುವಿನ ಮಾರ್ಗ ತಪ್ಪೆಂದು ನಾನು ಹೇಳಲಾರೆ. ನಿಷೇಧವು ಅನೇಕರನ್ನು ಹೊಸ್ತಿಲಲ್ಲೇ ತಡೆಯುತ್ತದೆ. ಆದರೆ ಹೊಸ್ತಿಲು ದಾಟಿದವನನ್ನು ಕಾಯಲು ಅಲ್ಲಿ ಯಾವ ಅಧ್ಯಕ್ಷನೂ ಇರುವುದಿಲ್ಲ. ನಮ್ಮ ಬೀದಿಯ ತರುಣನೊಬ್ಬನು ಕಳೆದ ವರ್ಷ ಇಂಥದೊಂದು ತಾಣದಲ್ಲಿ ಗೆದ್ದನು. ಹೌದು, ಗೆದ್ದನು, ಪರದೆಯ ಮೇಲೆ ಎಂಬತ್ತು ಸಾವಿರ ರೂಪಾಯಿ ಹೊಳೆಯುತ್ತಿತ್ತು. ಹಿಂದೆ ಪಡೆಯಲು ಹೋದಾಗ, ಮೊದಲು ತೆರಿಗೆಯೆಂದು ಹನ್ನೆರಡು ಸಾವಿರ ಕಟ್ಟಬೇಕೆಂದರು. ಕಟ್ಟಿದನು. ಆಮೇಲೆ ಪರಿಶೀಲನೆಯ ಶುಲ್ಕವೆಂದರು. ಅದಕ್ಕಾಗಿ ತಾಯಿಯ ಬಳೆಗಳು ಗಿರವಿಯ ಅಂಗಡಿಗೆ ಹೋದವು. ಗೆದ್ದ ಹಣದಲ್ಲೇ ಮುರಿದುಕೊಳ್ಳಬಹುದಾದ ತೆರಿಗೆಯನ್ನು ಕೈಯಿಂದ ಕೇಳುವವನು ಕಳ್ಳನೆಂಬುದು ಆ ಹುಡುಗನಿಗೆ ಹೊಳೆಯಲಿಲ್ಲ.

ವಿಷಯ ನನ್ನ ಕಿವಿಗೆ ಬಿದ್ದ ಸಂಜೆಯೇ ಅವನನ್ನು ಕೂರಿಸಿಕೊಂಡು ಸೈಬರ್ ವಂಚನೆಯ 1930ಕ್ಕೆ ಕರೆ ಮಾಡಿಸಿದೆ. ಆ ಕಡೆಯವರು ಸಮಾಧಾನದಿಂದಲೇ ವಿಚಾರಿಸಿದರು: ಹಣ ಹೋದದ್ದು ಯಾವ ಖಾತೆಗೆ, ಯಾವ ದಿನ, ಎಷ್ಟು ಗಂಟೆಗೆ? ಅದೆಲ್ಲ ಅವನ ಫೋನಿನಲ್ಲಿತ್ತು. ತಾಣದ ಯಜಮಾನನು ಯಾರೆಂದು ಕೇಳಿದಾಗ ಹುಡುಗನು ನನ್ನ ಮುಖ ನೋಡಿದನು. ಅವನ ಬಳಿ ಇದ್ದದ್ದು ಟೆಲಿಗ್ರಾಮಿನ ಒಂದು ಅಡ್ಡಹೆಸರು. ಅದೂ ಎರಡು ದಿನದ ಹಿಂದೆ ಅಳಿಸಿಹೋಗಿತ್ತು.