ಹಳೆಯ ಮಸೂರ, ಕಿರಿಯ ಲೋಕ

ದಾಸವಾಳದ ಎಲೆಯ ಮೇಲೆ ಕುಪ್ಪಳಿಸುವ ಹಾರುಜೇಡವನ್ನು ನೋಡದವರು ನಮ್ಮಲ್ಲಿ ಕಡಿಮೆ. ಅದರ ಮುಖವನ್ನು ನೋಡಿದವರು ಇನ್ನೂ ಕಡಿಮೆ. ಅರ್ಧ ಸೆಂಟಿಮೀಟರಿನಷ್ಟು ಉದ್ದದ ಈ ಜೀವಿಗೆ ಎಂಟು ಕಣ್ಣುಗಳುಂಟು. ಮುಂದುಗಡೆಯ ನಡುವಿನ ಎರಡು, ಮೋಟಾರಿನ ದೀಪಗಳಂತೆ ದೊಡ್ಡವು. ಇದನ್ನು ಛಾಯಾಚಿತ್ರದಲ್ಲಿ ಹಿಡಿಯುವ ಹಂಬಲದಿಂದ ಅಂಗಡಿಗೆ ಹೋಗಿ ಹೊಸ ಮ್ಯಾಕ್ರೋ ಮಸೂರದ ಬೆಲೆ ಕೇಳಿದವನ ಹಂಬಲ ಬಹುಮಟ್ಟಿಗೆ ಅಲ್ಲಿಯೇ ಅಡಗುತ್ತದೆ. ಅಡಗಬೇಕಾದ ಕಾರಣವಿಲ್ಲ. ಫಿಲ್ಮ್ ಕ್ಯಾಮರಾಗಳ ಕಾಲದಿಂದ ಬೀರುವಿನ ಮೂಲೆಯಲ್ಲಿ ಉಳಿದ ಸಾಧಾರಣ ಮಸೂರವೇ ಈ ಕೆಲಸಕ್ಕೆ ಸಾಕು.

ಅದು ಹೇಗೆಂಬುದನ್ನು ವಿಚಾರಿಸೋಣ. 50 ಮಿಲಿಮೀಟರ್ ಸಂಗಮದೂರದ ಮಸೂರವು ಬಹುದೂರದ ಬೆಟ್ಟದ ಬಿಂಬವನ್ನು ತನ್ನ ಹಿಂದೆ 50 ಮಿಲಿಮೀಟರಿನಲ್ಲಿ ಮೂಡಿಸುತ್ತದೆ. ವಸ್ತು ಹತ್ತಿರ ಬಂದಂತೆಲ್ಲ ಬಿಂಬವು ಹಿಂದೆ ಸರಿಯುತ್ತದೆ, ದೊಡ್ಡದೂ ಆಗುತ್ತದೆ. ಮಸೂರವನ್ನು ಇನ್ನೊಂದು 50 ಮಿಲಿಮೀಟರ್ ಮುಂದಕ್ಕೆ ನಿಲ್ಲಿಸಿದರೆ ವಸ್ತುವಿನಷ್ಟೇ ದೊಡ್ಡ ಬಿಂಬ ದೊರೆಯುತ್ತದೆ. ಇದಕ್ಕೆ ಬೇಕಾದುದು ಕ್ಯಾಮರಾಕ್ಕೂ ಮಸೂರಕ್ಕೂ ನಡುವೆ ತೊಡಿಸುವ ಪೊಳ್ಳು ಕೊಳವೆ. ಅದರೊಳಗೆ ಗಾಜಿಲ್ಲ, ಆದುದರಿಂದಲೇ ಅದು ಅಗ್ಗ.

ಇಲ್ಲಿ ಹಳೆಯದಕ್ಕೊಂದು ಮೇಲುಗೈ ಇದೆ. ಹೊಸ ಮಸೂರಗಳಲ್ಲಿ ಅನೇಕವು ಬೆಳಕಿನ ಕಂಡಿಯನ್ನು ಕ್ಯಾಮರಾದಿಂದ ಬರುವ ವಿದ್ಯುತ್ ಸಂಕೇತದಿಂದ ಹಿಗ್ಗಿಸಿ ಕುಗ್ಗಿಸುತ್ತವೆ. ಬರಿಯ ಕೊಳವೆಯ ಮೂಲಕ ಆ ಸಂಕೇತ ಹೋಗಲಾರದು. ಹಳೆಯದರಲ್ಲಿಯೋ, ಕಂಡಿಯ ಬಳೆ ನಮ್ಮ ಬೆರಳಿಗೆ ಸಿಗುತ್ತದೆ. ಸೋವಿಯತ್ ಒಕ್ಕೂಟದಲ್ಲಿ ತಯಾರಾಗಿ ಜೆನಿಟ್ ಕ್ಯಾಮರಾಗಳೊಡನೆ ಲೋಕವೆಲ್ಲ ಹರಡಿದ 58 ಮಿಲಿಮೀಟರಿನ ಹೀಲಿಯಸ್-44 ಇಂಥದೊಂದು. ಇದರ ಹಲವು ಮಾದರಿಗಳು 42 ಮಿಲಿಮೀಟರ್ ವ್ಯಾಸದ ತಿರುಪಿನವು. ತಕ್ಕ ಜೋಡುಬಳೆಯಿದ್ದರೆ ಇಂದಿನ ಕ್ಯಾಮರಾಗಳಿಗೂ ಕೂಡುತ್ತವೆ. ಕೆಲವು ಕ್ಯಾಮರಾಗಳು ಅಪರಿಚಿತ ಮಸೂರವನ್ನು ಕಂಡು ಮುಷ್ಕರ ಹೂಡುವುದುಂಟು. 'ಮಸೂರವಿಲ್ಲದಿದ್ದರೂ ಚಿತ್ರ ತೆಗೆ' ಎಂಬ ಆಯ್ಕೆಯನ್ನು ಅವುಗಳ ಪಟ್ಟಿಯಲ್ಲಿ ಹುಡುಕಿ ಒಪ್ಪಿಸತಕ್ಕದ್ದು.

ಇನ್ನು ಕಷ್ಟಗಳು. ಸಮಗಾತ್ರದ ಬಿಂಬಕ್ಕೆ ಬೆಳಕು ಮೊದಲಿನ ಎರಡರಷ್ಟು ದೂರ ಸಾಗಬೇಕಾದುದರಿಂದ ಅದರ ತೀವ್ರತೆ ಕಾಲುಭಾಗಕ್ಕಿಳಿಯುತ್ತದೆ. ಬಳೆಯ ಮೇಲೆ ಎಫ್ 8 ಎಂದಿದ್ದರೂ ಫಲದಲ್ಲಿ ಅದು ಎಫ್ 16. ಹೀಗಿದ್ದೂ ಸ್ಪಷ್ಟವಾಗಿ ಮೂಡುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ: ಜೇಡದ ಕಣ್ಣು ಸ್ಪಷ್ಟವಾದರೆ ಹಿಂಗಾಲು ಮಂಜು. ಕಂಡಿಯನ್ನು ಇನ್ನೂ ಕಿರಿದಾಗಿಸಿದರೆ ಆಳ ಹೆಚ್ಚೀತು. ಆದರೆ ಬೆಳಕು ಕಂಡಿಯ ಅಂಚಿನಲ್ಲಿ ಚೆದರಿ ಚಿತ್ರವೆಲ್ಲ ಮೆತ್ತಗಾಗುತ್ತದೆ. ಎಫ್ 8ರ ಆಚೀಚೆ ನಿಲ್ಲುವುದೇ ಲೇಸೆಂದು ನಮ್ಮ ಅನುಭವ.

ಮೊದಲ ತಿಂಗಳು ನಾವು ಮಸೂರದ ಬಳೆಯನ್ನು ತಿರುಗಿಸಿ ತಿರುಗಿಸಿಯೇ ಬಳಲಿದೆವು. ಸಿಕ್ಕಿದ್ದೆಲ್ಲ ಮಸುಕು. ಬಳೆಯನ್ನು ಒಂದೆಡೆ ನಿಲ್ಲಿಸಿ, ಮೊಣಕೈಯನ್ನು ಮಂಡಿಗೆ ಊರಿ, ಉಸಿರು ಬಿಡುತ್ತ ಮೈಯನ್ನೇ ಕೂದಲೆಳೆಯಷ್ಟು ಮುಂದೆ ಹಿಂದೆ ತೂಗಬೇಕೆಂಬುದು ತರುವಾಯ ತಿಳಿಯಿತು. ಕಣ್ಣು ಹೊಳೆದ ಕ್ಷಣ ಗುಂಡಿ ಒತ್ತಬೇಕು. ಹತ್ತರಲ್ಲಿ ಒಂದು ದಕ್ಕಿದರೆ ಅಂದಿನ ಬೆಳಗು ಸಾರ್ಥಕ. ಬೆಳಕು ಸಾಲದಾದಾಗ ಫ್ಲಾಷ್ ದೀಪದ ಮುಂದೆ ಟ್ರೇಸಿಂಗ್ ಕಾಗದ ಹಿಡಿದರೆ ಜೀರುಂಡೆಯ ನುಣುಪಾದ ಬೆನ್ನೂ ಹದವಾಗಿ ಮೂಡುತ್ತದೆ.

ಒಂದು ತಪ್ಪನ್ನು ಇಲ್ಲಿ ಮುಚ್ಚಿಡಲಾರೆವು. ಮಡಿಸಿದ ಎಲೆಯೊಳಗೆ ಬಿಳಿಯ ರೇಷ್ಮೆಗೂಡು ನೇಯ್ದು ಹಾರುಜೇಡವೊಂದು ಮೊಟ್ಟೆ ಕಾಯುತ್ತಿತ್ತು. ಬೆಳಕು ಬರಲೆಂದು ನಾವು ಎಲೆಯನ್ನು ಬಿಡಿಸಿ ಕಡ್ಡಿಯಿಂದ ನಿಲ್ಲಿಸಿದೆವು. ಚಿತ್ರ ಚೆನ್ನಾಗಿಯೇ ಬಂದಿತು. ಮರುದಿನ ಹೋಗಿ ನೋಡಲಾಗಿ ತಾಯಿ ಇರಲಿಲ್ಲ. ಹರಿದ ಗೂಡಿನೊಳಗೆ ಇರುವೆಗಳ ಸಾಲು ಹೋಗಿ ಬರುತ್ತಿತ್ತು. ಆ ಚಿತ್ರವನ್ನು ನಾವು ಯಾರಿಗೂ ತೋರಿಸಿಲ್ಲ. ಕೀಟವು ಅಲುಗದಿರಲೆಂದು ಅದನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಮರಗಟ್ಟಿಸುವವರೂ ಇದ್ದಾರೆ. ಅದಕ್ಕಿಂತ ಮುಂಜಾವಿನಲ್ಲಿ ಹೊರಡುವುದು ಮೇಲು: ಇಬ್ಬನಿ ಆರುವ ಮುನ್ನ ಏರೋಪ್ಲೇನ್ ಚಿಟ್ಟೆಗಳು ಚಳಿಗೆ ತಾವಾಗಿಯೇ ಹುಲ್ಲುಕಡ್ಡಿಗೆ ಅಂಟಿ ಕುಳಿತಿರುತ್ತವೆ.

ಹಳೆಯ ಮಸೂರ ಕೊಳ್ಳುವಾಗ ಅದನ್ನು ಬೆಳಕಿಗೆ ಹಿಡಿದು ನೋಡತಕ್ಕದ್ದು. ಒಳಗಿನ ಒಂದೆರಡು ಧೂಳಿನ ಕಣಗಳಿಂದ ಬಾಧೆಯಿಲ್ಲ. ಜೇಡರಬಲೆಯಂತೆ ಕವಲೊಡೆದ ಬೂಷ್ಟಿನ ಎಳೆಗಳಿದ್ದರೆ ಬಿಟ್ಟುಬಿಡಬೇಕು. ಕಂಡಿಯ ಬಳೆಯನ್ನು ತಿರುಗಿಸಿದಾಗ ಅಲಗುಗಳು ಜಿಡ್ಡಿಲ್ಲದೆ ಸರಿಯಬೇಕು. ಮಲೆನಾಡಿನಂಥ ಮಳೆಯ ಸೀಮೆಯವರು ಮಸೂರವನ್ನು ಚರ್ಮದ ಚೀಲದಲ್ಲಿಡದೆ, ತೇವ ಹೀರುವ ಸಿಲಿಕಾ ಹರಳುಗಳೊಡನೆ ಬಿಗಿಮುಚ್ಚಳದ ಡಬ್ಬಿಯಲ್ಲಿಡುವುದು ಒಳ್ಳೆಯದು.